ಎರಡು ನಲವತ್ತರ ಲೋಟ

“ಹದಿನಾರು ಮುಗೀತು ಮೇಡಂ. ಇನ್ನೊಂದೇ ಉಳಿದಿರೋದು,” ಎಂದು ಹುಡುಗಿ ಪೆನ್ಸಿಲಿನ ಮೊನೆಯನ್ನು ಹಾಳೆಯ ಕೊನೆಯ ಸಾಲಿಗೆ ಇಳಿಸಿದಳು.

ಈಜುಗಾರ್ತಿ ಗೋಡೆ ಗಡಿಯಾರದ ಕಡೆ ನೋಡಿದಳು. ಹದಿನಾರು ಪ್ರಶ್ನೆಗೆ ಐವತ್ತೆರಡು ನಿಮಿಷ. ಏನು ಮಾಡಿದರೂ ಎಷ್ಟು ಹೊತ್ತಾಯಿತೆಂದು ನೋಡುವುದು ಅರವತ್ತೆರಡನೇ ವಯಸ್ಸಿನಲ್ಲೂ ಆಕೆಯನ್ನು ಬಿಡದ ಚಾಳಿ. ಇನ್ನೊಂದು ಚಾಳಿ ಮೇಜಿನ ಕೆಳಗಿತ್ತು. ಕುಳಿತಲ್ಲೇ ಎರಡೂ ಪಾದಗಳು ಒಂದಾದ ಮೇಲೊಂದು ಸಣ್ಣಗೆ ಆಡುತ್ತಿದ್ದವು, ನೀರನ್ನು ಒದೆಯುವಂತೆ. ನಿದ್ದೆಯಲ್ಲೂ ಆಡುತ್ತವೆ ಎಂದು, ಮದುವೆಗೆ ಮುಂಚೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಅಕ್ಕ ಹೇಳುತ್ತಿದ್ದಳು. ಈಗ ಅವು ಆಡುತ್ತವೆಯೋ ಇಲ್ಲವೋ ಹೇಳುವವರಿಲ್ಲ.

ಹುಡುಗಿ ಪ್ರಕಾಶನ ಸಂಸ್ಥೆಯಿಂದ ಬಂದವಳು. ಶತಮಾನ ಮುಗಿಯಲು ಇನ್ನು ಕೆಲವು ತಿಂಗಳಿದ್ದವು. ಅಷ್ಟರೊಳಗೆ ನೂರು ಪ್ರಸಿದ್ಧ ಮಹಿಳೆಯರ ಪುಸ್ತಕವೊಂದನ್ನು ತರುವುದು ಸಂಸ್ಥೆಯ ಯೋಜನೆ. ಒಬ್ಬೊಬ್ಬರಿಗೆ ಒಂದು ಪುಟ. ಬರೆದವರು ಬೇರೆ ಯಾರೋ. ಬರೆದದ್ದರಲ್ಲಿ ತಪ್ಪಿದೆಯೇ ಎಂದು ದಾಖಲೆಗಳೊಂದಿಗೆ ತಾಳೆ ನೋಡುವುದು ಈ ಹುಡುಗಿಯ ಕೆಲಸ. ಬಂದ ಕೂಡಲೇ ತನ್ನ ಪರಿಚಯ ತಾನೇ ಹೇಳಿಕೊಂಡಿದ್ದಳು.

“ಆಫೀಸಲ್ಲಿ ನನ್ನನ್ನ ಸೂಜಿ ಅಂತಾರೆ ಮೇಡಂ. ಚುಚ್ಚಿದ್ರೆ ಬೇಜಾರು ಮಾಡ್ಕೋಬೇಡಿ.”

“ಚುಚ್ಚಮ್ಮ, ಚುಚ್ಚು. ತಣ್ಣೀರಲ್ಲಿ ನೆಂದ ಚರ್ಮ. ನಾಟಲ್ಲ.”

ಈಜುಗಾರ್ತಿಯದು ನಲವತ್ತನಾಲ್ಕನೆಯ ಪುಟ. ನಲವತ್ತಮೂರರಲ್ಲಿ ಸಸ್ಯಶಾಸ್ತ್ರಜ್ಞೆ, ನಲವತ್ತೈದರಲ್ಲಿ ನ್ಯಾಯಾಧೀಶೆ. ಪುಟದ ಎಡಬದಿಗೆ ಐವತ್ತೆಂಟನೇ ಇಸವಿಯ ಆಗಸ್ಟ್ ತಿಂಗಳ ಚಿತ್ರ: ಇಪ್ಪತ್ತೊಂದರ ತರುಣಿ ಮರಳಿನ ಮೇಲೆ ಒಂಟಿಯಾಗಿ ನಿಂತಿದ್ದಾಳೆ, ಮುಖ ಊದಿಕೊಂಡಿದೆ, ಕಣ್ಣು ಅರ್ಧ ಮುಚ್ಚಿದೆ. ಬೆನ್ನ ಹಿಂದಿರುವ ಜಲಸಂಧಿಯನ್ನು ಈಜಿ ದಾಟಿದ ದೇಶದ ಮೊದಲ ಮಹಿಳೆ. ಮೂವತ್ತೆಂಟು ಕಿಲೋಮೀಟರು. ಚಿತ್ರದ ಮೇಲೆ ದಪ್ಪ ಅಕ್ಷರಗಳಲ್ಲಿ ಆಕೆಯದೇ ಮಾತು: “ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ ನನ್ನನ್ನು ಯಾರೂ ಮುಟ್ಟಲಿಲ್ಲ.”

ಮೊದಲ ಹದಿನಾರು ಪ್ರಶ್ನೆಗಳು ಸುಲಭದವು. ಹುಟ್ಟಿದ ತಾರೀಖು, ನೀರಿನ ಉಷ್ಣತೆ, ಚಳಿ ತಡೆಯಲು ಮೈಗೆ ಬಳಿದುಕೊಂಡ ಗ್ರೀಸಿನ ತೂಕ. ಹಿಂದಿನ ಲೇಖನಗಳೆಲ್ಲ ನಾಲ್ಕು ಕಿಲೋ ಎಂದಿದ್ದವು.

“ನಾಲ್ಕು ಕಿಲೋ ಬಳ್ಕೊಂಡ್ರೆ ಈಜಕ್ಕಾಗುತ್ತಾ? ಜಾರ್ಕೊಂಡೇ ಆಚೆ ದಡಕ್ಕೆ ಹೋಗ್ಬೇಕು. ಎರಡೂಕಾಲು ಅಂತ ಬರ್ಕೋ. ಬಳಿದೋಳು ನಮ್ಮಕ್ಕ. ಕಿವಿ ಹಿಂದೆ ಸಂದಿನೂ ಬಿಡಲಿಲ್ಲ.”

ಸೂಜಿ ಎರಡೂಕಾಲು ಎಂದು ಬರೆದುಕೊಂಡಳು. ಅಕ್ಕನ ಸಂಗತಿ ಪುಟದಲ್ಲಿ ಎಲ್ಲೂ ಇರಲಿಲ್ಲವಾದ್ದರಿಂದ ತಾಳೆ ನೋಡುವ ಪ್ರಶ್ನೆಯೂ ಬರಲಿಲ್ಲ.

ಹೊರಗೆ, ಬೀದಿಯಾಚೆಯ ಈಜುಕೊಳದಿಂದ ಸೀಟಿಯ ಸದ್ದು ಕೇಳಿಸಿತು. ಹೋದ ವರ್ಷದವರೆಗೆ ಆ ಸೀಟಿ ಆಕೆಯ ಕುತ್ತಿಗೆಯಲ್ಲಿತ್ತು. ಬಲಭುಜ ಕೈಕೊಟ್ಟ ಮೇಲೆ ತರಬೇತಿ ಬಿಟ್ಟಳು. ಎರಡನೆಯ ಮಹಡಿಯ ಈ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕುರ್ಚಿ ಎರಡಿದ್ದರೂ ಒಂದರ ಮೇಲೆ ಯಾವಾಗಲೂ ಹಳೆಯ ಪತ್ರಿಕೆಗಳಿರುತ್ತಿದ್ದವು. ಈ ದಿನ ಅವುಗಳನ್ನು ಎತ್ತಿ ಮಂಚದ ಕೆಳಗೆ ತಳ್ಳಿದ್ದಳು. ಆಕೆಯ ಮೈಯನ್ನು ಇನ್ನೊಬ್ಬರು ಕೊನೆಯ ಸಲ ಮುಟ್ಟಿದ್ದು ಮಾರ್ಚ್ ಒಂಬತ್ತರಂದು, ಚಿಕಿತ್ಸಾಲಯದಲ್ಲಿ ರಕ್ತದೊತ್ತಡ ನೋಡುವ ದಾದಿ. ಈಗ ಸೆಪ್ಟೆಂಬರ್.

“ಕೊನೇದು ಏನು?”

ಸೂಜಿ ಚೀಲದಿಂದ ನೆರಳಚ್ಚಿನ ಹಾಳೆಗಳನ್ನು ತೆಗೆದಳು. ಅಂಚು ಕಪ್ಪಾಗಿದ್ದ ಅವುಗಳಲ್ಲಿದ್ದ ಪೆನ್ಸಿಲ್ ಬರಹವನ್ನು ಈಜುಗಾರ್ತಿ ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಆದರೂ ಏನೆಂದು ತಿಳಿಯಿತು.

“ದೋಣಿಯಲ್ಲಿದ್ದ ವೀಕ್ಷಕರ ದಿನಚರಿ. ಈಜು ಸಂಘದ ಬೀರುವಿನಲ್ಲಿತ್ತು. ಕೀಲಿಕೈ ಹುಡುಕೋಕೇ ಅವರಿಗೆ ಮೂರು ವಾರ ಬೇಕಾಯ್ತು,” ಎಂದಳು ಸೂಜಿ. “ಮಧ್ಯಾಹ್ನ ಎರಡು ಹತ್ತಕ್ಕೆ ಹೀಗೆ ಬರೆದಿದ್ದಾರೆ ನೋಡಿ. ‘ಅಲೆ ಹೆಚ್ಚು. ಆಹಾರದ ಕೋಲು ಲೋಟದ ಸಮೇತ ಕೈತಪ್ಪಿ ಸಮುದ್ರಪಾಲು. ಬೇರೆ ಕೋಲು ಇಲ್ಲ.’ ಆಮೇಲೆ ಎರಡು ನಲವತ್ತಕ್ಕೆ, ‘ಅರ್ಧ ಲೋಟ ಸಕ್ಕರೆ ನೀರು ಕುಡಿದರು.’ ಕೋಲೇ ಇಲ್ಲದ ಮೇಲೆ ಹೇಗೆ ಕುಡಿದ್ರಿ ಮೇಡಂ?”

ಜಲಸಂಧಿ ದಾಟುವವರಿಗೆ ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ. ನೀರಿಗಿಳಿದ ಕ್ಷಣದಿಂದ ಆಚೆ ದಡದಲ್ಲಿ ತಾನಾಗಿ ಎದ್ದು ನಿಲ್ಲುವವರೆಗೆ ಅವರು ದೋಣಿಯನ್ನು ಮುಟ್ಟುವಂತಿಲ್ಲ, ದೋಣಿಯಲ್ಲಿರುವವರು ಅವರನ್ನು ಮುಟ್ಟುವಂತಿಲ್ಲ. ಕುಡಿಯಲು ಕೊಡುವುದಿದ್ದರೆ ಉದ್ದನೆಯ ಕೋಲಿನ ತುದಿಗೆ ಲೋಟ ಕಟ್ಟಿ ಚಾಚಬೇಕು.

“ಅಷ್ಟು ಹಳೇದು, ಯಾರಿಗೆ ನೆನಪಿರುತ್ತೆ,” ಎಂದಳು ಈಜುಗಾರ್ತಿ. ಗ್ರೀಸಿನ ತೂಕವನ್ನು ಕಾಲು ಕಿಲೋ ಆಚೀಚೆ ಆಗದಂತೆ ಹೇಳಿದ ಬಾಯಿಂದ ಆ ಮಾತು ಸಲೀಸಾಗಿ ಬರಲಿಲ್ಲ.

ಸೂಜಿ ತಲೆಯೆತ್ತಲಿಲ್ಲ. “ಕೆಲವರು ಬಾಟಲಿಗೆ ಹಗ್ಗ ಕಟ್ಟಿ ಎಸೀತಿದ್ರಂತೆ. ಓದಿದೀನಿ. ಅದಕ್ಕೆ ಅಡ್ಡಿಯಿಲ್ಲ. ಹಾಗೇನಾದ್ರೂ?”

“ಹೂಂ. ಹಗ್ಗ.”

“ಸರಿ.” ಪೆನ್ಸಿಲು ಹಾಳೆಯ ಮೇಲೆ ಓಡಿತು. ಈಜುಗಾರ್ತಿಯ ಹೆಗಲು ಒಂದಂಗುಲ ಕೆಳಗಿಳಿಯಿತು. “ಎಸೆದೋರು ಯಾರು ಅಂತ ಹಾಕ್ಲಿ? ದೋಣಿಯವರು ಅನ್ನಲಾ?”

ಹೌದು ಎನ್ನಲು ಈಜುಗಾರ್ತಿ ಬಾಯಿ ತೆರೆದಳು.

ದಾಟಿದ ಹತ್ತು ವರ್ಷಕ್ಕೆ ದೊಡ್ಡ ಸನ್ಮಾನವೊಂದು ನಡೆದಿತ್ತು. ವೇದಿಕೆಯ ಮೇಲೆ ನಿಂತು ಆಕೆ ಆ ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷದ ಮಾತನ್ನು ಮೊದಲ ಬಾರಿಗೆ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಮೊದಲ ಸಾಲಿನಲ್ಲಿದ್ದ ಅಕ್ಕನೂ ಎದ್ದಳು. ಆದರೆ ತಟ್ಟುವ ಮುಂಚೆ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಅಂದಿನಿಂದ ಅವಳು ಯಾವ ಸಮಾರಂಭಕ್ಕೂ ಬರಲಿಲ್ಲ. ಜಗಳವೇನೂ ಆಗಲಿಲ್ಲ. ಭಾನುವಾರಕ್ಕೊಂದು ಫೋನು. “ಎಲ್ರೂ ಕೋಲಿನ ವಿಷಯ ಕೇಳ್ತಾರೆ ಕಣೇ. ಕೋಲು ಹಿಡಿದಿದ್ದು ಕತ್ತೆನೋ ಕುದುರೆನೋ ಯಾರಿಗೂ ಬೇಡ,” ಎಂದು ಒಮ್ಮೆ ನಕ್ಕಿದ್ದಳು. ತಂಗಿಯೂ ನಕ್ಕಿದ್ದಳು. ಮಾತು ಬೇರೆ ಕಡೆ ಹೊರಳಿತ್ತು. ಮೂರು ವರ್ಷದ ಹಿಂದೆ, ಅಕ್ಕನ ಮಗಳಿಂದ ಸುದ್ದಿ ಬಂದು, ಆರು ಗಂಟೆ ರೈಲಿನಲ್ಲಿ ಕುಳಿತು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಹಗ್ಗ ಅಂತ ಬರೆದದ್ದು ಹೊಡೆದುಹಾಕು,” ಎಂದಳು ಈಜುಗಾರ್ತಿ.

“ಏನಂದ್ರಿ?”

“ಹಗ್ಗ ಇರಲಿಲ್ಲ. ನಮ್ಮಕ್ಕ ಕುಡಿಸಿದ್ಲು. ಕೈಯಾರೆ.”

ಸೂಜಿ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಅದು ಉರುಳತೊಡಗಿದಾಗ ಬೆರಳಿನಿಂದ ತಡೆದಳು.

“ಬೆಳಗಿನ ಜಾವ ನಾಲ್ಕು ಐದಕ್ಕೆ ಇಳಿದೋಳು ನಾನು,” ಈಜುಗಾರ್ತಿ ವರದಿ ಒಪ್ಪಿಸುವವಳಂತೆ ಹೇಳಿದಳು. “ಎರಡು ಗಂಟೆ ಹೊತ್ತಿಗೆ ಹಲ್ಲು ಕಚ್ಕೊಂಡು ದವಡೆ ಬಿಗಿದುಬಿಟ್ಟಿತ್ತು. ಲೋಟ ಇದ್ದಿದ್ರೂ ಬಾಯಿ ತೆಗಿಯೋಕೆ ಆಗ್ತಿರಲಿಲ್ಲ. ಅಕ್ಕ ದೋಣಿ ಅಂಚಿನ ಮೇಲೆ ಬೋರಲು ಮಲಗಿದ್ಲು. ದೋಣಿಯವನು ಅವಳ ಕಾಲು ಹಿಡ್ಕೊಂಡಿದ್ದ. ಒಂದು ಕೈ ನನ್ನ ಗದ್ದದ ಕೆಳಗೆ ಕೊಟ್ಲು. ಇನ್ನೊಂದ್ರಲ್ಲಿ ಲೋಟ. ‘ಬಾಯಿ ತೆಗಿ, ಕತ್ತೆ’ ಅಂದ್ಲು.”

“ವೀಕ್ಷಕರು?”

“ಆ ಕಡೆ ಅಂಚಿಗೆ ಬಗ್ಗಿ ವಾಂತಿ ಮಾಡ್ತಿದ್ರು ಪಾಪ. ಒಳ್ಳೇ ಮನುಷ್ಯ, ಸಮುದ್ರ ಒಂದು ಆಗ್ತಿರಲಿಲ್ಲ. ಈಚೆ ತಿರುಗಿ ‘ಕುಡಿದ್ಲಾ?’ ಅಂದ್ರು. ಅಕ್ಕ ‘ಕುಡಿದ್ಲು, ಅರ್ಧ ಲೋಟ’ ಅಂದ್ಲು. ಅವರು ಬರ್ಕೊಂಡ್ರು. ಅವಳು ಸುಳ್ಳೇನೂ ಹೇಳಲಿಲ್ಲ, ನೋಡು.”

ಸೂಜಿ ನೆರಳಚ್ಚಿನ ಹಾಳೆಯ ಮೇಲೆ ಬಗ್ಗಿದಳು. ನಿಮಿಷಕ್ಕೆ ಎಷ್ಟು ಸಲ ಕೈ ಬೀಸಿದರು ಎಂಬುದು ಅದರಲ್ಲಿ ಅರ್ಧ ಗಂಟೆಗೊಮ್ಮೆ ದಾಖಲಾಗಿತ್ತು. ಎರಡು ಗಂಟೆಗೆ ನಲವತ್ತಾರು. ಮೂರು ಗಂಟೆಗೆ ಐವತ್ತೆಂಟು. ಆ ಏರಿಕೆಯನ್ನು ಅವಳು ಬಸ್ಸಿನಲ್ಲಿ ಬರುವಾಗಲೇ ಗಮನಿಸಿದ್ದಳು. ಸಕ್ಕರೆ ನೀರಿನ ಪ್ರಭಾವ ಎಂದುಕೊಂಡಿದ್ದಳು.

“ಮೇಡಂ, ಒಂದು ಮಾತು. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ ಅಂದ್ಕೊಂಡ್ರೆ?”

“ಸೂಜಿ ಅಂತ ಹೆಸರಿಟ್ಕೊಂಡು ಹತ್ತಿ ಥರ ಆಡ್ಬೇಡ.”

“ಪುಟ ಹೋಗುತ್ತೆ. ಪುಟ ಒಂದೇ ಅಲ್ಲ, ಸಂಘದವರಿಗೂ ತಿಳಿಸ್ಬೇಕಾಗುತ್ತೆ. ಅರವತ್ತೆರಡನೇ ಇಸವೀಲಿ ಇನ್ನೊಬ್ರು ದಾಟಿದ್ರಲ್ಲ, ಅವರು ಮೊದಲನೆಯವರಾಗ್ತಾರೆ.”

“ಆಗ್ಲಿ ಬಿಡು. ಚೆನ್ನಾಗೇ ಈಜೋಳು. ಕತ್ತು ಮಾತ್ರ ಒಂಟೆ ಥರ ಎತ್ತೋಳು.” ನಗಲು ನೋಡಿ, ಅರ್ಧಕ್ಕೇ ಬಿಟ್ಟು, ಈಜುಗಾರ್ತಿ ಗೋಡೆಯ ಕಡೆ ತಿರುಗಿದಳು. ಅಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರವಿತ್ತು. ಅದೊಂದನ್ನು ತೆಗೆದರೆ ಗೋಡೆಯ ಮೇಲೆ ಉಳಿಯುವುದು ಗಡಿಯಾರ. “ಬದುಕಿಡೀ ಅದನ್ನೇ ತಿಂದೆ ನಾನು. ಕೆಲಸ ಅದರಿಂದ, ಈ ಮನೆ ಅದರಿಂದ. ಆಡೋಕೆ ಒಂದು ಮಾತಿತ್ತು ಅಂದ್ರೆ ಅದೂ ಅದೇ. ಅದನ್ನ ಆಡಿದಾಗೆಲ್ಲ ನಮ್ಮಕ್ಕನ್ನ ದೋಣಿಯಿಂದ ಕೆಳಗೆ ಇಳಿಸ್ತಿದ್ದೆ.”

ಸೂಜಿ ಚೀಲದಿಂದ ತೆಳ್ಳಗಿನ ನಿಯಮಾವಳಿಯೊಂದನ್ನು ತೆಗೆದು, ಮೊದಲೇ ಗುರುತು ಇಟ್ಟಿದ್ದ ಪುಟ ಬಿಡಿಸಿದಳು.

“ಇಲ್ಲಿದೆ ಕೇಳಿ. ಕೈ ಅಕಸ್ಮಾತ್ ತಾಗಿ, ಆ ಕ್ಷಣವೇ ಬಿಟ್ಟುಹೋದ್ರೆ ಅದು ಲೆಕ್ಕಕ್ಕಿಲ್ಲ. ಈಜೋರ ಭಾರ ಹೊತ್ತಿರಬಾರದು, ಅಷ್ಟೆ. ನಿಮ್ಮಕ್ಕ ಕುಡಿಸಿದ್ರು. ಕುಡಿಸುವಾಗ ಬೆರಳು ತಾಗ್ತು. ಹಾಗಾಗಿದ್ರೆ ನಲವತ್ತನಾಲ್ಕನೇ ಪುಟಕ್ಕೆ ಏನೂ ಆಗಲ್ಲ. ಅಕ್ಕನ ಹೆಸರನ್ನೂ ಸೇರಿಸ್ಬಹುದು. ನಾನೇ ಸೇರಿಸ್ತೀನಿ.” ಅವಳು ಪೆನ್ಸಿಲು ಕೈಗೆತ್ತಿಕೊಂಡಳು. “ಅದಕ್ಕೇ ಕೇಳ್ತಿರೋದು. ಎಷ್ಟು ಹೊತ್ತು ಮುಟ್ಟಿದ್ರು? ಒಂದು ಸೆಕೆಂಡು? ಎರಡು?”

ಸೀಟಿ ಮತ್ತೆ ಕೂಗಿತು. ಮಕ್ಕಳು ನೀರಿಗೆ ಬಿದ್ದ ಸದ್ದು ಒಂದರ ಹಿಂದೊಂದು ಕೇಳಿತು. ಮೇಜಿನ ಕೆಳಗೆ ಪಾದಗಳು ಆಡುತ್ತಲೇ ಇದ್ದವು.

“ನಿನಗೆ ಸರಿಯಾದ್ದೇ ಬೇಕಾ?”

“ಸರಿಯಾದ್ದೇ ಬೇಕು ಮೇಡಂ. ಆದರೆ ನಿಮಗೆ ಎಷ್ಟು ನೆನಪಿದೆಯೋ ಅಷ್ಟು.”

“ಹೇಳೋಕೆ ಬರಲ್ಲ. ತೋರಿಸ್ತೀನಿ. ಎದ್ದು ಬಾ ಇಲ್ಲಿ.”

ಸೂಜಿ ಎದ್ದು ಮೇಜನ್ನು ಸುತ್ತಿ ಬಂದಳು. ಈಜುಗಾರ್ತಿ ಅವಳ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಅಂಗೈ ಮೇಲಾಗಿಸಿ, ತನ್ನ ಗದ್ದದ ಕೆಳಗಿಟ್ಟುಕೊಂಡಳು. ಹೆಬ್ಬೆರಳು ಒಂದು ಕೆನ್ನೆಗೆ, ಉಳಿದ ಬೆರಳುಗಳು ಇನ್ನೊಂದಕ್ಕೆ ಬರುವಂತೆ ಸರಿಪಡಿಸಿದಳು. ಹುಡುಗಿಯ ಕೈ ಬೆಚ್ಚಗಿತ್ತು. ಪೆನ್ಸಿಲಿನ ಮಸಿ ಬೆರಳಿಗೆ ಹತ್ತಿತ್ತು.

“ಇನ್ನೂ ಸ್ವಲ್ಪ ಮೇಲೆ. ಹಾಂ. ಅವಳು ಹೀಗೇ ಹಿಡಿದಿದ್ದು. ಈಗ ನೀನು ಗಡಿಯಾರ ನೋಡ್ತಿರು. ನಾನು ಸಾಕು ಅಂತೀನಿ.”

ಸೂಜಿ ಗೋಡೆಯತ್ತ ಮುಖ ಮಾಡಿದಳು. ಸೆಕೆಂಡಿನ ಮುಳ್ಳು ಹನ್ನೆರಡರ ಮೇಲಿತ್ತು. ಒಂದು ಸೆಕೆಂಡು ಕಳೆಯಿತು. ಎರಡು ಕಳೆಯಿತು. ಮೂರನೆಯದೂ ಕಳೆದಾಗ ಅವಳು ಉಸಿರು ಬಿಟ್ಟಳು.

ಮೊದಮೊದಲು ಅಂಗೈ ಮೇಲೆ ಚರ್ಮ ಮಾತ್ರ ಇತ್ತು. ಮುಳ್ಳು ಎರಡರ ಅಂಕಿಯನ್ನು ದಾಟುವಾಗ ಸ್ವಲ್ಪ ಭಾರ ಬಂತು. ನಾಲ್ಕನ್ನು ದಾಟುವಾಗ ಇನ್ನೂ ಸ್ವಲ್ಪ. ಆರರ ಹೊತ್ತಿಗೆ ಈಜುಗಾರ್ತಿ ಕಣ್ಣು ಮುಚ್ಚಿದ್ದಳು. ತಲೆ ಪೂರ್ತಿಯಾಗಿ ಕೈಗೆ ಬಂದಿತ್ತು. ಅದನ್ನು ತಾಳಲು ಸೂಜಿ ಮೊಣಕೈಯನ್ನು ಮೆಲ್ಲಗೆ ಮೇಜಿಗೆ ಆನಿಸಿದಳು. ಮೇಜಿನ ಕೆಳಗೆ ಸದ್ದಿಲ್ಲ ಎಂಬುದು ಆಗ ಅವಳ ಗಮನಕ್ಕೆ ಬಂತು. ಪಾದಗಳು ನಿಂತಿದ್ದವು.

ಮುಳ್ಳು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಟಿತು. ಸೂಜಿ ಗಡಿಯಾರ ನೋಡುತ್ತಲೇ ಇದ್ದಳು. ಸಾಕು ಎಂಬ ಮಾತು ಇನ್ನೂ ಬಂದಿರಲಿಲ್ಲ.