ಕಾಲು ಸುತ್ತು

ತುಕ್ಕು ಹಿಡಿಯುವುದಿಲ್ಲ ಎಂದು ಮೆರೆಯುವ ಸ್ಟೀಲಿನ ಜಂಬ ಸಮುದ್ರದ ನೀರಿನಲ್ಲಿ ಇಳಿದುಹೋಗುತ್ತದೆ. ಅದೂ ಎದುರಿಗಲ್ಲ, ವಾಷರಿನ ಅಡಿಯ ಸಂದಿಯಲ್ಲಿ, ಕದ್ದುಮುಚ್ಚಿ. ಎಷ್ಟು ಸಂದಿಗೆ ಎಷ್ಟನೇ ದಿನ ತುಕ್ಕು ಶುರುವಾಗುತ್ತದೆಂದು ಮೊದಲೇ ಹೇಳುವ ಲೆಕ್ಕವನ್ನು ತನುಜಾ ಮೂರು ವರ್ಷ ಕಂಪ್ಯೂಟರಿನ ಮುಂದೆ ಕೂತು ಕಟ್ಟಿದ್ದಳು. ಅದು ಸುಳ್ಳಾದರೆ ಅವಳ ಪಿಎಚ್‌ಡಿಯೂ ನೀರುಪಾಲು.

ಅದನ್ನು ಪರೀಕ್ಷಿಸಲು ಶಿವಮೊಗ್ಗದ ಕಾಲೇಜಿನಲ್ಲಿ ಜಾಗವಿರಲಿಲ್ಲ. ಭದ್ರಾವತಿ ಹಳೇನಗರದ ಮನೆಯ ಹಿತ್ತಲಲ್ಲೇ ತೊಟ್ಟಿ ಇಟ್ಟು, ಹೊನ್ನಾವರದಿಂದ ತಂದ ಸಮುದ್ರದ ನೀರು ತುಂಬಿ, ವಾಷರು, ನಟ್ಟು ಬಿಗಿದ ಆರು ಸ್ಟೀಲ್ ಬಿಲ್ಲೆಗಳನ್ನು ಮುಳುಗಿಸಿದಳು. ನಲವತ್ತು ದಿನ ಏನೂ ಆಗಬಾರದು ಎಂದಿತ್ತು ಲೆಕ್ಕ. ಇಪ್ಪತ್ತೊಂದನೇ ದಿನಕ್ಕೇ ಮೂರನೆಯ ಬಿಲ್ಲೆಯಿಂದ ಕಂದು ಬಣ್ಣ ಒಸರಿತು.

ಅವಳ ಗೈಡ್ ವಿಶ್ವಾರಾಧ್ಯ ಬಂದು ಬಗ್ಗಿ ನೋಡಿದರು. "ಒಂದು ತಪ್ಪಿದ್ರೂ ತಪ್ಪೇ ಮಾರಾಯ್ತಿ. ಮೊದಲಿಂದ ಮಾಡು."

ಆಗ ಪಕ್ಕದಲ್ಲಿ ನಿಂತಿದ್ದ ತನುಜಾಳ ಅಪ್ಪ ಉಜ್ಜನಪ್ಪ ಕೆಮ್ಮಿದರು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ. ನೆಂಟರ ಮನೆಯ ಮಂಚದ ನಟ್ಟನ್ನೂ ಸುಮ್ಮನೆ ಬಿಟ್ಟವರಲ್ಲ.

"ಮೊದಲನೇ ದಿನ ಅದೊಂದು ಸಡಿಲ ಅನ್ನಿಸ್ತು. ಕಾಲು ಸುತ್ತು ಕೊಟ್ಟೆ, ಅಷ್ಟೇ."

"ನಿಮ್ಮನ್ನ ಯಾರು ಕೇಳಿದ್ರು ಅಪ್ಪಾಜಿ!" ಎಂದು ಸಿಡಿದವಳು ಅಲ್ಲೇ ತಡೆದು ಯೋಚಿಸಿದಳು. ಬಿಗಿದರೆ ಸಂದಿ ಕಿರಿದು. ಕಿರಿದಾದಷ್ಟೂ ಒಳಗಿನ ನೀರು ಬೇಗ ಆಮ್ಲವಾಗುತ್ತದೆ. ಹೊಸ ಬಿಲ್ಲೆಗೆ ಅಪ್ಪನ ಕೈಯಲ್ಲೇ ಕಾಲು ಸುತ್ತು ಕೊಡಿಸಿ, ಸಂದಿ ಅಳೆದು, ಲೆಕ್ಕಕ್ಕೆ ಹಾಕಿದಳು. ಇಪ್ಪತ್ತು ದಿನ ಎಂದಿತು ಕಂಪ್ಯೂಟರ್!

ವಿಶ್ವಾರಾಧ್ಯ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಆದ್ಮೇಲೆ ಯಾರು ಬೇಕಾದ್ರೂ ಹೇಳ್ತಾರೆ. ಆಗೋ ಮುಂಚೆ ಹೇಳು."

ತನುಜಾ ಸ್ಪ್ಯಾನರನ್ನು ಅಪ್ಪನ ಕೈಗಿಟ್ಟಳು. "ಇನ್ನೊಂದು ಬಿಲ್ಲೆಗೆ ಅರ್ಧ ಸುತ್ತು ಕೊಡಿ." ಅದನ್ನೂ ಅಳೆದಳು, ಲೆಕ್ಕ ಹಾಕಿದಳು, ತೊಟ್ಟಿಗೆ ಇಳಿಸಿದಳು. "ಒಂಬತ್ತನೇ ದಿನ ಸರ್. ನೀವೇ ಬಂದು ನೋಡಿ."

ಒಂಬತ್ತನೇ ದಿನ ಮೂವರೂ ತೊಟ್ಟಿಯ ಸುತ್ತ ಕುರ್ಚಿ ಹಾಕಿ ಕೂತರು. ಊಟದ ಹೊತ್ತಾಯಿತು, ಬಿಲ್ಲೆ ಹೊಳೆಯುತ್ತಲೇ ಇತ್ತು. ತನುಜಾ ತಟ್ಟೆ ಹಿಡಿದೇ ತೊಟ್ಟಿಗೆ ಬಗ್ಗಿ ನೋಡಿದಳು. ಮೂರು ಗಂಟೆಗೆ ವಾಷರಿನ ಅಂಚಿನಲ್ಲಿ ಕಂದು ಎಳೆಯೊಂದು ಮೆಲ್ಲನೆ ನೀರಿಗೆ ಇಳಿಯಿತು.

"ಬಂತು!" ಎಂದು ಮೊದಲು ಕೂಗಿದವರು ವಿಶ್ವಾರಾಧ್ಯರೇ. "ಥೀಸಿಸ್ ಬರಿಯೋಕೆ ಕೂತ್ಕೊ ತನುಜಾ. ನಟ್ಟು ಬಿಗಿದವರ ಹೆಸರನ್ನೂ ಹಾಕು."

ತನುಜಾ ಅಪ್ಪನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಮಗಳ ಬೆನ್ನು ಸವರುತ್ತಿದ್ದ ಉಜ್ಜನಪ್ಪನವರ ಇನ್ನೊಂದು ಕೈ, ಅವರಿಗೇ ತಿಳಿಯದಂತೆ, ಕುರ್ಚಿಯ ನಟ್ಟನ್ನು ಬಿಗಿಯುತ್ತಿತ್ತು.