ಕೊನೆಯವಳಾಗಿ ಬಂದ ನಾಬುಕೀರಾ

ಹತ್ತು ಸುತ್ತಿನ ಓಟ. ಏಳನೆಯ ಸುತ್ತು ಮುಗಿಯುವಾಗ ನಾಬುಕೀರಾಳ ಹಳದಿ ಕಾರು ಎಲ್ಲರಿಗಿಂತ ಮುಂದಿತ್ತು. ಕಂಪಾಲಾದ ಹನ್ನೆರಡು ಮನೆಗಳಲ್ಲಿ ಹನ್ನೆರಡು ಜನ ಟೀವಿಯ ಮುಂದೆ ಕೂತು ಆಡುತ್ತಿದ್ದರು. ಒಬ್ಬರ ಬೈಗುಳ ಇನ್ನೊಬ್ಬರಿಗೆ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

ಗೆಲ್ಲುವುದಕ್ಕಿಂತ ಓಟ ಮುಗಿಸುವುದು ಅವಳಿಗೆ ಮುಖ್ಯವಾಗಿತ್ತು. ಹೋದ ವರ್ಷ ಸೋಲು ಕಂಡಾಗಲೆಲ್ಲ ಗುಂಡಿ ಒತ್ತಿ ಹೊರಬಿದ್ದು, ‘ನೆಟ್‌ವರ್ಕ್ ಹೋಯ್ತು’ ಎಂದು ಸುಳ್ಳು ಹೇಳಿದ್ದಳು. ನಾಲ್ಕು ಸಲ! ಈ ಸಲ ಒಂದೇ ಒಂದು ಆಟ ಅರ್ಧಕ್ಕೆ ಬಿಟ್ಟರೂ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತೇವೆ ಎಂದು ಆಟದ ಕೂಟದವರು ಖಡಾಖಂಡಿತವಾಗಿ ಹೇಳಿದ್ದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಸೋದರತ್ತೆ ನಲುಬೇಗಾ. ಮಸಾಕಾದಿಂದ ಬಂದಿದ್ದಳು, ಕೈಯಲ್ಲಿ ಬಾಳೆಗೊನೆ.

ಅವರ ಪದ್ಧತಿಯಲ್ಲಿ ಅಪ್ಪನ ಅಕ್ಕ ಬಂದರೆ ಹೆಣ್ಣುಮಗಳು ನೆಲಕ್ಕೆ ಮಂಡಿಯೂರಿ ಮಾತಾಡಿಸಬೇಕು. ಕೂತಲ್ಲಿಂದಲೇ ತಲೆಯಾಡಿಸಿದರೆ ಇಡೀ ಮಸಾಕಾಕ್ಕೆ ಸುದ್ದಿಯಾಗುತ್ತದೆ. ನಾಬುಕೀರಾ ಪರದೆ ನೋಡಿದಳು, ಅತ್ತೆಯನ್ನು ನೋಡಿದಳು. ಕಂಟ್ರೋಲರನ್ನು ಕುರ್ಚಿಯ ಮೇಲಿಟ್ಟು ಮಂಡಿಯೂರಿದಳು.

“ಚೆನ್ನಾಗಿದೀರಾ ಅತ್ತೆ?”

“ಚೆನ್ನಾಗಿದೀನಮ್ಮ. ನೀನು? ಮನೇಲೆಲ್ಲ ಹೇಗಿದಾರೆ? ಅಪ್ಪನ ಕಾಲುನೋವು?”

ಕುಶಲ ಕೇಳುವುದನ್ನು ಅತ್ತೆ ಯಾರಿಗೋಸ್ಕರವೂ ಮೊಟಕು ಮಾಡಿದವಳಲ್ಲ. ನಾಬುಕೀರಾ ಎದ್ದು ಬಂದಾಗ ಅವಳ ಕಾರು ಗೋಡೆಗೆ ಮೂತಿ ಇಟ್ಟು ನಿಂತಿತ್ತು, ಎಲ್ಲರಿಗಿಂತ ಹಿಂದೆ.

“ಓಡಿಹೋದ್ಲು ಕಣ್ರೋ!” ಹೆಡ್‌ಫೋನಿನಲ್ಲಿ ಮುಕ್ವಾಯಾ ನಗುತ್ತಿದ್ದ. ಈಗ ಮೊದಲನೆಯ ಸ್ಥಾನದಲ್ಲಿದ್ದವನು ಅವನೇ. “ಈಗ ನೆಟ್‌ವರ್ಕ್ ಹೋಯ್ತು ಅಂತಾಳೆ, ನೋಡ್ತಿರಿ.”

ಹಾಗೆಂದುಬಿಡಬಹುದಿತ್ತು. ಬೆರಳು ಗುಂಡಿಯ ಹತ್ತಿರವೇ ಇತ್ತು.

“ಇಲ್ಲೇ ಇದೀನಿ,” ಎಂದಳು. “ಅತ್ತೆ ಬಂದ್ರು. ಮಂಡಿಯೂರ್ತಾ ಇದ್ದೆ.”

ಅತ್ತೆಯರು ಎಲ್ಲರ ಮನೆಯಲ್ಲೂ ಇದ್ದರು.

“ಅತ್ತೆಗೆ ನಮಸ್ಕಾರ ಹೇಳು,” ಎಂದ ಮುಕ್ವಾಯಾ. “ಹೇಳಿ ಹೊರಗೆ ಹೋಗು ಮಾರಾಯ್ತಿ. ಓಟ ಮುಗಿಸಿ ನಿನ್ನೊಬ್ಬಳಿಗೋಸ್ಕರ ಎಷ್ಟು ಹೊತ್ತು ಕಾಯೋದು?”

“ನಾನು ಬರೋ ತನಕ ಕಾಯಿ.”

ಕಾರನ್ನು ಹಿಂದಕ್ಕೆ ತೆಗೆದು ಮತ್ತೆ ದಾರಿಗೆ ತಂದಳು. ಮುಂದಿನ ತಿರುವಿನಲ್ಲೇ ಯಾರೋ ಮುಕ್ವಾಯಾನಿಗೆ ಗುದ್ದಿದರು. ಅವನ ಕಾರು ಪಲ್ಟಿ ಹೊಡೆಯಿತು, ಮರುಕ್ಷಣ ಅವನು ಆಟದಿಂದಲೇ ಮಾಯ. ಸಿಟ್ಟಿಗೆದ್ದು ಇನ್ನೂ ನಾಲ್ವರು ಒಬ್ಬರ ಹಿಂದೊಬ್ಬರು ಹೊರಬಿದ್ದರು. ಉಳಿದವರು ಗುರಿ ಮುಟ್ಟಿ ಕಾದು ಕೂತರು. ಕೊನೆಯ ಎರಡು ಸುತ್ತು ನಾಬುಕೀರಾ ಖಾಲಿ ರಸ್ತೆಯಲ್ಲಿ ಒಬ್ಬಳೇ ಓಡಿಸಿದಳು, ಒಂದು ತಿರುವನ್ನೂ ಅಡ್ಡದಾರಿಯಲ್ಲಿ ದಾಟದೆ.

“ಗೆದ್ಯಾ?” ಅತ್ತೆ ಕೇಳಿದಳು.

“ಇಲ್ಲ ಅತ್ತೆ. ಕೊನೇಲಿ ಬಂದೆ.”

“ನಿನ್ನ ಕೆಳಗೆ ಇನ್ನೂ ಐದು ಹೆಸರಿದೆಯಲ್ಲೇ?” ಅತ್ತೆ ಪರದೆಯ ಮೇಲಿನ ಪಟ್ಟಿ ತೋರಿಸಿದಳು.

“ಅವ್ರು ಅರ್ಧಕ್ಕೆ ಬಿಟ್ಟೋರು.”

ಅತ್ತೆ ಆ ಐದು ಹೆಸರನ್ನೂ ಒಂದೊಂದಾಗಿ ಓದಿದಳು, ಎಲ್ಲ ಗಂಡುಹುಡುಗರದ್ದೇ. ಆಮೇಲೆ ಬಾಗಿಲಿಗೆ ಹೋಗಿ, ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯವಳಿಗೆ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು:

“ಕೇಳಿಸ್ಕೊಂಡ್ಯಾ? ನನ್ನ ತಮ್ಮನ ಮಗಳು ಕೊನೇಲಿ ಬಂದಿದಾಳೆ!”

ಹೋದ ವರ್ಷ ಎರಡು ಸಲ ಗೆದ್ದಾಗಲೂ ನಾಬುಕೀರಾಳ ಎದೆ ಇಷ್ಟು ಉಬ್ಬಿರಲಿಲ್ಲ.