ಗಾರ್ಗಿ ಬರೆದ ಸಬ್‌ಟೈಟಲ್

ಅದು 2007ರ ಒಂದು ಭಾನುವಾರ. ಮಧ್ಯಾಹ್ನ ಒಂದೂವರೆಗೆ ಟೀವಿಯಲ್ಲಿ ಒಂದು ಕನ್ನಡ ಸಿನಿಮಾ ಬರುವುದಿತ್ತು. ಅದರ ಇಂಗ್ಲಿಷ್ ಸಬ್‌ಟೈಟಲ್ ಬರೆದವಳು ಗಾರ್ಗಿ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವಳು ಬೇಸಿಗೆ ರಜೆಯೆಲ್ಲ ಕೂತು ಆ ಕೆಲಸ ಮುಗಿಸಿದ್ದಳು. ಬೆಳಗಿನಿಂದ ಗೋಕುಲಂ ಬಡಾವಣೆಯ ಅವರ ಮನೆಯಲ್ಲಿ ಯಾರೂ ಒಂದು ಕಡೆ ಕೂತಿರಲಿಲ್ಲ.

ಎಲ್ಲರಿಗಿಂತ ಹೆಚ್ಚಿನ ಸಡಗರ ಅವಳ ತಾಯಿ ಕಮಲ ಅವರದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಒಂದು ಕೆಟ್ಟ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಎದುರು ಕೂತವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಆದರೆ ಸಿನಿಮಾದವರು ಬೆನ್ನು ತಿರುಗಿಸಿ, ಕತ್ತಲಲ್ಲಿ ನಿಂತು ಮಾತಾಡುತ್ತಾರೆ. ಹಾಗಾಗಿ ಕನ್ನಡ ಸಿನಿಮಾ ನೋಡುವುದನ್ನೇ ಬಿಟ್ಟಿದ್ದರು.

ಊಟ ಮುಗಿಸಿ ಗಾರ್ಗಿಯ ಅಪ್ಪ ಸುಂದರೇಶ ಟೀವಿ ಹಾಕಿದರು. ಬರೀ ನೀಲಿ ಪರದೆ, ಸಿಗ್ನಲ್ ಇಲ್ಲವೆನ್ನುವ ಒಂದು ಸಾಲು.

“ನಿನ್ನೆ ಸರಿಯಾಗೇ ಇತ್ತಲ್ಲೇ,” ಎನ್ನುತ್ತ ಅವರು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದರು. ಬಾಕ್ಸಿನ ಹಿಂದಿನ ವೈರು ಬಿಚ್ಚಿ ಬಿಗಿದರು. ಮತ್ತೆ ಅದೇ ನೀಲಿ. ಗಾರ್ಗಿ ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಟೆರೇಸಿಗೆ ಓಡಿದಳು.

ಅಲ್ಲಿ ಡಿಶ್ಶಿನ ಕೋಲಿಗೇ ಬಟ್ಟೆ ಒಣಹಾಕುವ ಹಗ್ಗ ಬಿಗಿದಿತ್ತು. ಹಗ್ಗದ ಮೇಲೆ, ಡಿಶ್ಶಿಗೆ ಅಡ್ಡವಾಗಿ, ನೀರು ತೊಟ್ಟಿಕ್ಕುವ ದಪ್ಪ ರಗ್ಗು. ಮಹಡಿ ಮನೆಯ ಗಿರಿಜಾಂಬಾ ಇನ್ನೊಂದು ರಗ್ಗು ಹಿಂಡುತ್ತಿದ್ದರು.

“ಆಂಟಿ, ಇದು ನಮ್ಮ ಟೀವಿ ಡಿಶ್ಶು. ಇದಕ್ಕೇ ಹಗ್ಗ ಕಟ್ಟಿದ್ದೀರಲ್ಲ.”

“ಗಟ್ಟಿಯಾಗಿತ್ತು ಕಣಮ್ಮ, ಕಟ್ಬುಟ್ಟೆ. ಏನಾದ್ರೂ ಆಯ್ತಾ?”

“ನಾನು ಕೆಲಸ ಮಾಡಿದ ಸಿನಿಮಾ ಈಗ ಬರತ್ತೆ. ಅಮ್ಮ ಕಾಯ್ತಾ ಕೂತಿದ್ದಾರೆ.”

ಗಿರಿಜಾಂಬಾ ತಕ್ಷಣ ರಗ್ಗನ್ನೆಳೆದು ಬಕೆಟ್ಟಿಗೆ ತುರುಕಿ, ಹಲ್ಲಿನಿಂದಲೇ ಗಂಟು ಬಿಚ್ಚಿದರು.

ರಗ್ಗಿನ ಭಾರಕ್ಕೆ ಡಿಶ್ಶಿನ ಮುಖವೇ ತಿರುಗಿಹೋಗಿತ್ತು. ಗಾರ್ಗಿ ಅದನ್ನು ಕೂದಲೆಳೆಯಷ್ಟು ಸರಿಸುತ್ತ ಬಂದಳು. ಕೆಳಗೆ ಟೀವಿಯಲ್ಲಿ ಸಿಗ್ನಲ್ ಎಷ್ಟಿದೆಯೆಂದು ತೋರಿಸುವ ಪಟ್ಟಿ ತೆರೆದು ಕಮಲ ಕಣ್ಣಿಟ್ಟು ಕೂತಿದ್ದರು. ಅವರು ಹೇಳಿದ್ದನ್ನು ಸುಂದರೇಶ ಮೆಟ್ಟಿಲ ಬಳಿ ನಿಂತು ಮೇಲಕ್ಕೆ ಕೂಗುತ್ತಿದ್ದರು.

“ಇನ್ನೂ ಇಲ್ವಂತೆ.”

“ಈಗಪ್ಪಾ?”

“ಸ್ವಲ್ಪ ಏರ್ತಂತೆ. ತಡಿ, ಇಳೀತಂತೆ. ವಾಪಸ್ ತಿರುಗಿಸು.”

ಇದ್ದಕ್ಕಿದ್ದಂತೆ ಕಮಲ ಅವರದೇ ದನಿ ಬೀದಿಯುದ್ದಕ್ಕೂ ಕೇಳಿಸಿತು. “ಹಸಿರಾಯ್ತು ಗಾರ್ಗಿ, ಹಾಗೇ ಬಿಡು!”

ಗಿರಿಜಾಂಬಾ ಡಿಶ್ಶನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಗಾರ್ಗಿ ನಟ್ಟು ಬಿಗಿದಳು. ಇಬ್ಬರೂ ಮೆಟ್ಟಿಲಿಳಿದು ಓಡಿಬಂದರು.

ಸಿನಿಮಾ ಶುರುವಾಗಿತ್ತು. ಮೊದಲ ಮಾತಿಗೆ ಎರಡು ಸಾಲು ಮೂಡಿದವು. ಮೇಲಿನದು ಪೂರ್ತಿ ಕಾಣುತ್ತಿತ್ತು, ಕೆಳಗಿನದರ ಅಕ್ಷರಗಳು ಅರ್ಧಕ್ಕೇ ತುಂಡಾಗಿದ್ದವು. ಸುಂದರೇಶ ಮತ್ತೆ ರಿಮೋಟ್ ಒತ್ತಿದರು. ಮೆನು ಪೂರ್ತಿ ಹಿಂದಿಯಾಯಿತು.

“ಅಪ್ಪ, ದಯವಿಟ್ಟು ಏನೂ ಒತ್ತಬೇಡಿ.” ಗಾರ್ಗಿಗೆ ಅಳುವೇ ಬಂದಿತ್ತು.

ಕಮಲ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. “ಅಕ್ಷರ ಒಂದೇ ಅಲ್ಲ ಕಣೇ. ಆ ಮನುಷ್ಯನ ತಲೇನೂ ಕತ್ತರಿಸಿದೆ, ಮೂಲೇಲಿ ಚಾನೆಲ್ ಗುರುತೂ ಅರ್ಧ. ಚಿತ್ರಾನೇ ಹಿಗ್ಗಿ ಆಚೆ ಹೋಗಿದೆ.”

ಹೌದಲ್ಲ, ಜೂಮ್. ಮೊದಲು ಗುಂಡಿಗಳನ್ನೆಲ್ಲ ಒತ್ತುವಾಗಲೇ ಅಪ್ಪ ಅದನ್ನೂ ಒತ್ತಿರಬೇಕು. ಗಾರ್ಗಿ ಸ್ಕೂಲಿನಲ್ಲಿ ಕಲಿತ ಹಿಂದಿಯನ್ನು ನೆನೆದು ಮೆನುವಿನಲ್ಲಿ ಹುಡುಕಿ ಅದನ್ನು ತೆಗೆದಳು. ಚಿತ್ರ ಸರಕ್ಕನೆ ಕುಗ್ಗಿತು. ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಎರಡೂ ಸಾಲು ಇಡಿಯಾಗಿ.

ಸ್ವಲ್ಪ ಹೊತ್ತಿಗೆ ಕಮಲ ಗಟ್ಟಿಯಾಗಿ ನಕ್ಕರು. ಇನ್ಯಾರೂ ನಕ್ಕಿರಲಿಲ್ಲ. ಪರದೆಯ ಮೇಲಿನ ಮುದುಕ ಎಲೆಯಡಿಕೆ ಅಗಿಯುತ್ತ ನಿಧಾನವಾಗಿ ಮಾತು ಮುಗಿಸಿದ ಮೇಲೆ ಸುಂದರೇಶ, ಗಿರಿಜಾಂಬಾ ಇಬ್ಬರೂ ನಕ್ಕರು. ಸಾಲು ಒಮ್ಮೆಲೇ ಮೂಡಿದ್ದರಿಂದ ಕಮಲ ಮೊದಲೇ ಓದಿಬಿಟ್ಟಿದ್ದರು.

ಗಿರಿಜಾಂಬಾ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು. ಗಾರ್ಗಿ ಸಿನಿಮಾ ಬಿಟ್ಟು ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಜಾಹೀರಾತು ಬಂದಾಗ ಕಮಲ ಮಗಳ ಕೈ ಹಿಡಿದರು. “ಆಗ ನಾನು ನಕ್ಕೆನಲ್ಲ, ಆ ಮುದುಕ ಕನ್ನಡದಲ್ಲಿ ಏನಂದ?”

ಗಾರ್ಗಿ ಎದುರಿಗೆ ಕೂತು ತುಟಿ ಬಿಡಿಸಿ ಹೇಳಿದಳು. “ನಮ್ಮಳಿಯಂದು ಬಿಡಿ, ಒಲೆ ಹಚ್ಚೋಕೆ ಮುಂಚೇನೇ ಅವನ ಮೂಗು ಊಟಕ್ಕೆ ಕೂತಿರತ್ತೆ.”

ಕಮಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮೇಷ್ಟ್ರ ಗತ್ತಿನಲ್ಲಿ ಹೇಳಿದರು: “ನಿನ್ನ ಇಂಗ್ಲಿಷಲ್ಲಿ ಮೂಗು ಬಂದಿತ್ತು ಕಣೇ, ಊಟಕ್ಕೆ ಕೂತಿರಲಿಲ್ಲ.”